ಪಕ್ಕದ ಕೋಣೆ

"ಎಲ್ಲಾ ಆರಿಸ್ಬಿಟ್ಟೆ ಅತ್ತಿಗೆ, ಒಂದೂ ಬಿಟ್ಟಿಲ್ಲ," ಎನ್ನುತ್ತ ನಾದಿನಿ ಕಟ್ಟಕಡೆಯ ನಾಬನ್ನೂ ಎಡಕ್ಕೆ ತಿರುಗಿಸಿ, ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಬಕೆಟ್ಟಿನ ಮೇಲೆ ಹಿಂಡಿದಳು.

ಬಾಗಿಲಲ್ಲಿ ನಿಂತಿದ್ದ ಟೈಲರಮ್ಮನಿಗೆ ಒಂದು ಕ್ಷಣ ಏನೂ ಹೊಳೆಯಲಿಲ್ಲ. ಗಂಡನ ಕೋಣೆ ಇಷ್ಟು ಚೊಕ್ಕಟವಾಗಿದ್ದದ್ದನ್ನು ಅವಳು ನೋಡಿಯೇ ಇರಲಿಲ್ಲ. ಧೂಳು ಹೋಗಿತ್ತು. ಚಹಾ ಲೋಟದ ಕಲೆಗಳು ಹೋಗಿದ್ದವು. ಕಾಲಿಗೆ ತೊಡರುತ್ತಿದ್ದ ವೈರುಗಳೆಲ್ಲ ಸುರುಳಿಯಾಗಿ ಮೊಳೆಗೆ ತೂಗುಬಿದ್ದಿದ್ದವು. ಮೇಜಿನ ಮೇಲಿದ್ದ ಸಿಂಥಸೈಜರ್, ಅಂದರೆ ಕೆಳಗೊಂದು ಸಾಲು ಕೀಲಿಗಳೂ ಮೇಲೆ ಮೂವತ್ತೆರಡು ನಾಬುಗಳೂ ಇದ್ದ ಆ ಮುದಿ ವಾದ್ಯ, ಮದುವೆಗೆ ಹೊರಟ ಹಾಗೆ ಹೊಳೆಯುತ್ತಿತ್ತು. ಅದರ ಮೂವತ್ತೆರಡು ನಾಬುಗಳೂ ಒಂದೇ ದಿಕ್ಕಿಗೆ ಮುಖ ಮಾಡಿ ಸಾಲಾಗಿ ನಿಂತಿದ್ದವು.

ಆಗ ಅವಳು ಹೊಸ್ತಿಲು ದಾಟಿ ಮೇಜಿನ ಹತ್ತಿರ ಓಡಿದಳು.

"ಏನ್ ಮಾಡ್ದೆ ನೀನು?"

"ನಿನ್ನೆಯಿಂದ ಕೆಂಪು ದೀಪ ಉರೀತಾನೇ ಇತ್ತು. ಮನೆ ತುಂಬ ಜನ, ಯಾರಾದ್ರೂ ಮುಟ್ಟಿ ಶಾಕ್ ಹೊಡೆದ್ರೆ? ಗ್ಯಾಸ್ ಒಲೆ ಆರಿಸೋ ಹಾಗೆ ಒಂದೊಂದಾಗಿ ಆರಿಸ್ದೆ. ಅಣ್ಣನೂ ಸರಿ, ಒಂದು ಆ ಕಡೆ, ಒಂದು ಈ ಕಡೆ, ಎಲ್ಲಾ ಅರ್ಧಂಬರ್ಧ ಬಿಟ್ಟಿದ್ದ. ಈಗ ನೋಡಿ, ಎಷ್ಟು ನೆಟ್ಟಗಿದೆ."

ನಾದಿನಿ ಮೂವತ್ತು ವರ್ಷ ಆಸ್ಪತ್ರೆಯ ವಾರ್ಡು ನೋಡಿಕೊಂಡವಳು. ದುಃಖ ಬಂದರೆ ಅವಳು ಅಳುವುದಿಲ್ಲ, ತೊಳೆಯುತ್ತಾಳೆ. ಬೆಳಿಗ್ಗೆ ಬಂದಿಳಿದವಳು ನಡುಮನೆಯಲ್ಲಿ ಬಿಳಿ ಹೊದಿಕೆಯಡಿ ಮಲಗಿದ್ದ ಅಣ್ಣನ ಮುಖವನ್ನು ಒಮ್ಮೆ ನೋಡಿ, ತೋಳು ಮಡಚಿ, ಅಡುಗೆಮನೆಯಿಂದ ಶುರುಮಾಡಿದ್ದಳು. ಮೂರು ತಾಸಿನಲ್ಲಿ ಈ ಕೋಣೆಯವರೆಗೆ ಬಂದಿದ್ದಳು. ಅವಳನ್ನು ಬೈಯುವುದಕ್ಕೂ ಬಾಯಿ ಬರುವಂತಿರಲಿಲ್ಲ.

ಟೈಲರಮ್ಮನಿಗೆ ಗಂಡನ ವಿದ್ಯೆ ಏನೇನೂ ತಿಳಿಯದು. ಒಂದು ಸಂಗತಿ ಮಾತ್ರ ಚೆನ್ನಾಗಿ ಗೊತ್ತಿತ್ತು. ಈ ವಾದ್ಯಕ್ಕೆ ನೆನಪಿಲ್ಲ. ಈಗಿನವು ಒಂದು ಬಟನ್ ಒತ್ತಿದರೆ ಹೋದ ವರ್ಷದ ಸದ್ದನ್ನೂ ಹೊರಗೆ ಹಾಕುತ್ತವೆ. ಇದರಲ್ಲಿ ಸದ್ದು ಇರುವುದು ನಾಬುಗಳು ನಿಂತ ಜಾಗದಲ್ಲಿ ಮಾತ್ರ. ನಾಬು ಕದಲಿತೋ, ಸದ್ದು ಹೋಯಿತು.

"ನಿನ್ನೆ ಅವರು ಮಾಡಿಟ್ಟ ಸದ್ದು ಅದರಲ್ಲಿತ್ತು ಕಣೆ," ಅಂದಳು. ಅವಳ ದನಿ ಅವಳಿಗೇ ಕೇಳಿಸದಷ್ಟು ಸಣ್ಣದಾಗಿತ್ತು. "ಕೇಳ್ತೀನಿ ಅಂದಿದ್ದೆ. ಅವರು ಈ ಮನೆಯಿಂದ ಹೊರಡೋದ್ರೊಳಗೆ ಕೇಳ್ಬೇಕಿತ್ತು ನಾನು."

ನಾದಿನಿ ಕೈಯಲ್ಲಿನ ಬಟ್ಟೆಯನ್ನೊಮ್ಮೆ, ವಾದ್ಯವನ್ನೊಮ್ಮೆ ನೋಡಿದಳು. ಗೋಡೆಯ ಗಡಿಯಾರದಲ್ಲಿ ಒಂಬತ್ತೂವರೆ. ಹನ್ನೊಂದೂವರೆಗೆ ವಾಹನ ಬರುವುದಿತ್ತು.

* * *

ಹಿಂದಿನ ಸಂಜೆ ಟೈಲರಮ್ಮ ಪಕ್ಕದ ಕೋಣೆಯಲ್ಲಿ ಹೊಲಿಗೆ ಮಿಷನ್ ತುಳಿಯುತ್ತಿದ್ದಳು. ವಾಚನಾಲಯದವರಿಗೆ ಹನ್ನೆರಡು ಪರದೆ ಆಗಬೇಕಿತ್ತು. ಒಂದೊಂದು ಪರದೆಯ ಅಂಚೂ ಎರಡಾಳು ಉದ್ದ. ಏಳನೆಯದು ಸೂಜಿಯಡಿ ಇತ್ತು.

"ಒಂದ್ನಿಮಿಷ ಬರ್ತೀಯಾ?" ಎಂದು ಗಂಡ ಗೋಡೆಯಾಚೆಯಿಂದ ಕರೆದ. "ಆಯ್ತು ಅನ್ಸುತ್ತೆ. ಬಂದು ಕೇಳು."

ಅದು ಅವನು ಎಂದೂ ಆಡದ ಮಾತು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಬಂದು ಕೇಳು ಎಂದು ಅವನು ಕರೆದದ್ದಿಲ್ಲ, ಏನು ಮಾಡಿದಿರಿ ಎಂದು ಅವಳು ಕೇಳಿದ್ದೂ ಇಲ್ಲ. ಮಗಳು ಎಳೆಗೂಸಾಗಿದ್ದಾಗ ಮಲಗಿದ ಮಗು ಎದ್ದೀತೆಂದು ಅವಳು ರೇಗಿದ ದಿನದಿಂದ ಅವನು ಸ್ಟುಡಿಯೋದ ಟೇಪುಗಳನ್ನು ಮನೆಗೆ ತಂದರೂ ಹೆಡ್‌ಫೋನ್ ಹಾಕಿಕೊಂಡೇ ಕೆಲಸ ಮಾಡಿದವನು. ಮಗು ದೊಡ್ಡದಾಗಿ, ಮದುವೆಯಾಗಿ, ಬೇರೆ ಬಡಾವಣೆಗೆ ಹೋದಮೇಲೂ ಹೆಡ್‌ಫೋನ್ ಇಳಿಯಲಿಲ್ಲ. ಒಂದೇ ಸೂರಿನಡಿ ಅವಳದೊಂದು ಸದ್ದು, ಅವನದೊಂದು ಮೌನ. ಕಿವಿಗೆ ಮುಚ್ಚಳ ಹಾಕಿಕೊಂಡು ನನ್ನನ್ನು ಹೊರಗಿಟ್ಟಿದ್ದಾನೆ ಎಂದು ಒಳಗೊಳಗೇ ಕೊರಗಿ, ಆಮೇಲೆ ಅದಕ್ಕೂ ಒಗ್ಗಿಹೋಗಿದ್ದಳು.

"ಈ ಅಂಚು ಮುಗಿಸಿ ಬರ್ತೀನಿ," ಅಂದಳು.

"ಸರಿ ಸರಿ, ಅವಸರ ಇಲ್ಲ," ಅಂದ.

ಏಳನೆಯ ಪರದೆ ಮುಗಿಯಿತು. ಕಾಲು ಓಡುತ್ತಿತ್ತು, ದಾರ ತುಂಡಾಗದೆ ಬರುತ್ತಿತ್ತು. ಹೇಗೂ ಕೂತಿದ್ದೇನೆ, ಇದೊಂದು ಆಗಿಬಿಡಲಿ ಎಂದು ಎಂಟನೆಯದನ್ನೂ ಸೂಜಿಗೆ ಕೊಟ್ಟಳು. ಅದು ಅರ್ಧಕ್ಕೆ ಬಂದಾಗ ಆಚೆ ಕಡೆ ಕುರ್ಚಿಯ ಸದ್ದೂ ಇಲ್ಲವಲ್ಲ ಅನ್ನಿಸಿ ಎದ್ದು ಹೋದಳು. ಅವನು ಕುರ್ಚಿಯಲ್ಲಿ ಸ್ವಲ್ಪ ವಾಲಿ ಕೂತಿದ್ದ. ಹೆಡ್‌ಫೋನ್ ತಲೆಯ ಮೇಲಿತ್ತು, ಕೈಗಳು ತೊಡೆಯ ಮೇಲಿದ್ದವು. ಎದೆಯೊಡೆದು ಕೂಗಿದರೂ ಅವನು ತಿರುಗಲಿಲ್ಲ.

ಹೃದಯ ನಿಂತು ಅರ್ಧ ಗಂಟೆಯಾಗಿದೆ ಎಂದು ಡಾಕ್ಟರು ಹೇಳಿದರು. ಅವಳು ಎಲ್ಲರಿಗೂ, ಒಂದು ಅಂಚು ಮುಗಿಸಿ ಬರೋದ್ರೊಳಗೆ ಹೋಗಿಬಿಟ್ರು ಎಂದಳು. ಒಂದಲ್ಲ, ಒಂದೂವರೆ ಎಂದು ಯಾರಿಗೂ ಹೇಳಲಿಲ್ಲ.

* * *

ಹತ್ತು ಗಂಟೆಗೆ ನಡುಮನೆ ತುಂಬಿತು. ಬಂದವರು ಹೂವಿಟ್ಟು, ಗೋಡೆಗೊರಗಿ ಕೂತು, ತಗ್ಗಿದ ದನಿಯಲ್ಲಿ ಮಾತಾಡತೊಡಗಿದರು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಫೋನು ಕಿವಿಗಿಟ್ಟುಕೊಂಡು, ಅತ್ತು ಊದಿದ ಮುಖದಲ್ಲೇ ವಾಹನದವನಿಗೆ ದಾರಿ ಹೇಳುತ್ತಿದ್ದಳು.

"ಇವರು ಏನು ನುಡಿಸ್ತಿದ್ರು?" ಎಂದು ಎದುರುಮನೆಯ ಔಷಧಿ ಅಂಗಡಿಯವರು ಪಕ್ಕದವರನ್ನು ಕೇಳಿದರು.

"ಪಿಯಾನೋ ಥರದ್ದೇನೋ ಅಂತೆ."

"ಇಪ್ಪತ್ತು ವರ್ಷದಿಂದ ಎದುರಿಗಿದೀನಿ, ಒಂದು ಹಾಡೂ ಕೇಳಿಲ್ಲಪ್ಪ."

"ಹಾಡಲ್ಲ ಸಾರ್, ಬರೀ ಸದ್ದು." ಹೀಗೆಂದವನು ಆಗತಾನೆ ಚಪ್ಪಲಿ ಬಿಟ್ಟು ಒಳಗೆ ಬಂದ ರೆಕಾರ್ಡಿಸ್ಟು. ಗಂಡನ ಜೊತೆ ಒಂದೇ ಸ್ಟುಡಿಯೋದಲ್ಲಿ ಇಪ್ಪತ್ತಾರು ವರ್ಷ ದುಡಿದವನು, ಬೋಳುತಲೆಯ ದಪ್ಪ ಆಸಾಮಿ. "ಬ್ಯಾಂಕಲ್ಲಿ ನಿಮ್ಮ ನಂಬರ್ ಬಂದಾಗ ಟೊಂಯ್ ಅನ್ನುತ್ತಲ್ಲ, ಅದು ಇವನದ್ದು. ನಾಟಕದಲ್ಲಿ ದೆವ್ವ ಬರೋ ಮುಂಚೆ ಗಾಳಿ ಬೀಸುತ್ತಲ್ಲ, ಅದೂ ಇವನದ್ದೇ. ನಾವೆಲ್ಲ ನಾಬಪ್ಪ ಅಂತಿದ್ವಿ."

"ಟೊಂಯ್ ಅನ್ನೋದನ್ನೂ ಮಾಡೋರು ಇರ್ತಾರಾ? ಮಿಷನ್ ಜೊತೇಲೇ ಬರೋದಲ್ವಾ ಅದು?"

"ಯಾರಾದ್ರೂ ಒಬ್ರು ಮಾಡ್ಲೇಬೇಕಲ್ಲ ಸಾರ್."

ಔಷಧಿ ಅಂಗಡಿಯವರು ಬಿಳಿ ಹೊದಿಕೆಯ ಕಡೆ ತಿರುಗಿ, ಸ್ವಲ್ಪ ಹೆಚ್ಚು ಮರ್ಯಾದೆಯಿಂದ ನೋಡಿದರು. ವಾರಕ್ಕೆರಡು ಸಲ ಆ ಸದ್ದಿಗೆ ಬೈದುಕೊಂಡೇ ಎದ್ದು ಕೌಂಟರಿಗೆ ಹೋಗುತ್ತಿದ್ದವರು ಅವರು.

ಟೈಲರಮ್ಮ ರೆಕಾರ್ಡಿಸ್ಟನ ತೋಳು ಹಿಡಿದು ಒಳಗೆ ಕರೆದೊಯ್ದಳು. ಸಾಲಾಗಿ ನಿಂತ ನಾಬುಗಳನ್ನು ಕಂಡು ಅವನ ಮುಖ ಬಿಳಿಚಿಕೊಂಡಿತು.

"ಯಾರು ಮಾಡಿದ್ದು ಇದನ್ನ?"

"ನಾನೇ," ಅಂದಳು ಹಿಂದಿನಿಂದ ನಾದಿನಿ. ಅವಳ ಗತ್ತೆಲ್ಲ ಇಳಿದುಹೋಗಿತ್ತು.

"ನಿನ್ನೆ ಒಂದು ಸದ್ದು ಮುಗಿಸಿದ್ರು," ಅಂದಳು ಟೈಲರಮ್ಮ. "ಕೇಳೋಕೆ ಕರೆದ್ರು, ನಾನು ಹೋಗ್ಲಿಲ್ಲ. ಅದನ್ನ ಮತ್ತೆ ಬರೋ ಹಾಗೆ ಮಾಡೋಕಾಗುತ್ತಾ? ಗಾಡಿ ಬರೋದ್ರೊಳಗೆ?"

ರೆಕಾರ್ಡಿಸ್ಟು ತಲೆ ಕೆರೆದುಕೊಂಡ. "ಹಾಳೆ ಬರೆದಿದ್ರೆ ಆಗುತ್ತೆ ಅಕ್ಕ. ಒಂದೊಂದು ಸದ್ದು ಮುಗಿದಾಗಲೂ ಹಾಳೆ ಬರೀತಿದ್ದ. ಆದ್ರೆ ಪೂರ್ತಿ ಆಯ್ತು ಅನ್ನೋವರೆಗೂ ಪೆನ್ನು ಮುಟ್ತಿರ್ಲಿಲ್ಲ ಆ ಪುಣ್ಯಾತ್ಮ."

ಕಪಾಟಿನಲ್ಲಿ ಒಂಬತ್ತು ಫೈಲುಗಳಿದ್ದವು. ಪ್ರತಿ ಹಾಳೆಯಲ್ಲೂ ಮೂವತ್ತೆರಡು ಪುಟ್ಟ ಸೊನ್ನೆಗಳು, ಸೊನ್ನೆಗಳೊಳಗೆ ಗಡಿಯಾರದ ಮುಳ್ಳಿನಂತೆ ಗೆರೆ, ಮೇಲೆ ಸದ್ದಿನ ಹೆಸರು. ಹಡಗು. ದೆವ್ವ ಮೂರು. ಲಿಫ್ಟು. ಹಾಲಿನ ಜಾಹೀರಾತು. ಒಂದು ಇಡೀ ಆಯುಷ್ಯ ಸೊನ್ನೆಗಳಲ್ಲಿ ಕೂತಿತ್ತು. ಕೊನೆಯ ಹಾಳೆಗೆ ನಾಲ್ಕು ತಿಂಗಳ ಹಿಂದಿನ ತಾರೀಖಿತ್ತು. ನಿನ್ನೆಯದು ಇರಲಿಲ್ಲ.

ಟೈಲರಮ್ಮ ಕುರ್ಚಿಯಲ್ಲಿ ಕೂತಳು. "ಅಂಗಿ," ಅಂದಳು ಥಟ್ಟನೆ. "ಅವರು ಹಾಕ್ಕೊಂಡಿದ್ದ ಅಂಗಿ ಎಲ್ಲಿ?"

"ನೆನೆಸಿದೀನಿ," ಅಂದಳು ನಾದಿನಿ.

ಟೈಲರಮ್ಮ ತಿರುಗಿ ಅವಳನ್ನೇ ದಿಟ್ಟಿಸಿದಳು.

"ಹಾಗೆ ನೋಡ್ಬೇಡಿ ಅತ್ತಿಗೆ. ಜೇಬು ನೋಡದೆ ಬಟ್ಟೆ ನೆನೆಸೋಳಲ್ಲ ನಾನು." ನಾದಿನಿ ಓಡಿಹೋಗಿ ಒಂದು ಡಬ್ಬಿ ತಂದಳು. ಅದರಲ್ಲಿ ಒಂದು ಪೆನ್ನು, ಮನೆಯ ಬೀಗದ ಕೈ, ನಾಲ್ಕಾಗಿ ಮಡಚಿದ ಹಾಳೆ. ವಾರ್ಡಿನಲ್ಲಿ ರೋಗಿಗಳ ಜೇಬಿನ ಸಾಮಾನು ಎತ್ತಿಡುತ್ತಿದ್ದ ಕೈ ಇಲ್ಲೂ ಎತ್ತಿಟ್ಟಿತ್ತು.

ಹಾಳೆಯ ಮೇಲೆ ನಿನ್ನೆಯ ತಾರೀಖು. ಅದರ ಕೆಳಗೆ ಹೆಸರು: ಪಕ್ಕದ ಕೋಣೆ.

* * *

ಮದುವೆಯಾದ ಹೊಸತರಲ್ಲಿ ಒಂದೇ ಒಂದು ಸಲ ಅವನು ಅವಳನ್ನು ಸ್ಟುಡಿಯೋಗೆ ಕರೆದೊಯ್ದಿದ್ದ. ಗೋಡೆಗಳಿಗೆಲ್ಲ ಹಾಸಿಗೆಯಂಥದ್ದನ್ನು ಹೊಡೆದಿದ್ದ, ಕಿಟಕಿಯಿಲ್ಲದ ಕೋಣೆ. ಆಗ ಈ ವಾದ್ಯ ಹೊಸದು. ಅವನೂ ಹೊಸಬ, ಮಾತು ಜಾಸ್ತಿ.

"ಇಲ್ಲಿ ನೋಡು, ಈ ನಾಲ್ಕು. ಬೆರಳಿಟ್ಟಾಗ ಸದ್ದು ಎಷ್ಟು ಬೇಗ ಏಳ್ಬೇಕು, ಎದ್ದದ್ದು ಎಷ್ಟು ಹೊತ್ತಲ್ಲಿ ತಗ್ಗಬೇಕು, ಬೆರಳಿರೋವರೆಗೂ ಎಲ್ಲಿ ನಿಲ್ಬೇಕು, ಬೆರಳು ತೆಗೆದ್ಮೇಲೆ ಎಷ್ಟು ನಿಧಾನಕ್ಕೆ ಹೋಗ್ಬೇಕು. ಇದಕ್ಕೆ ಎನ್ವಲಪ್ ಅಂತಾರೆ."

"ಭುಜ, ಎದೆ, ಸೊಂಟ, ಉದ್ದ," ಅಂದಳು ಅವಳು. "ಅಳತೆ ತಗೊಳ್ಳೋದು ಅನ್ನಿ."

"ಹಾ! ಅದೇ, ಅಳತೆ." ಅವನಿಗೆ ಖುಷಿಯೋ ಖುಷಿ. "ಬರೀ ಅಳತೆ ಇದ್ರೆ ಸದ್ದು ಗೊಂಬೆ ಥರ ನಿಂತಿರುತ್ತೆ. ಅದಕ್ಕೆ ಜೀವ ಬರೋದು ಇದರಿಂದ." ಅವನು ಮೂಲೆಯ ಒಂದು ನಾಬನ್ನು ಮುಟ್ಟಿದ. "ಇದೊಂದು ಅಲೆ. ಎಷ್ಟು ನಿಧಾನ ಅಂದ್ರೆ ಕಿವಿಗೆ ಕೇಳಿಸೋದೇ ಇಲ್ಲ. ತಾನು ಕೇಳಿಸಲ್ಲ, ಕೇಳಿಸೋದನ್ನೆಲ್ಲ ಹಿಂದೆ ಕೂತು ಅಲ್ಲಾಡಿಸ್ತಾ ಇರುತ್ತೆ."

"ಹಾಗಾದ್ರೆ ನಿಮ್ಮಮ್ಮನ ಹೆಸರಿಡಿ ಅದಕ್ಕೆ."

ಅವನು ಗೋಡೆ ಹಿಡಿದುಕೊಂಡು ನಕ್ಕ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಗಾಜಿನಾಚೆ ಕೂತಿದ್ದ ಆಗಿನ್ನೂ ಕೂದಲಿದ್ದ ರೆಕಾರ್ಡಿಸ್ಟು ಏನಾಯಿತೆಂದು ಎದ್ದು ನಿಂತ.

ಅದಾದ ಮೇಲೆ ಮಗು, ಮನೆ, ಹೊಲಿಗೆ. ಅವನ ಮಾತು ವರ್ಷ ವರ್ಷಕ್ಕೂ ಕಮ್ಮಿಯಾಯಿತು. ಕಂಪ್ಯೂಟರು ಬಂದು ಸ್ಟುಡಿಯೋ ಮುಚ್ಚಿದಾಗ, ಗುಜರಿಗೆ ಹೊರಟಿದ್ದ ವಾದ್ಯವನ್ನು ಕೈಗಾಡಿಯಲ್ಲಿಟ್ಟುಕೊಂಡು ತಾನೇ ತಳ್ಳಿಕೊಂಡು ಬಂದ. ಬೀದಿಯವರೆಲ್ಲ ನೋಡಿದರು. ಅವಳಿಗೆ ನಾಚಿಕೆಯಾಗಿತ್ತು. ಈ ಶನಿಯನ್ನು ಎಲ್ಲಿಡ್ತೀರಿ ಎಂದು ಬಾಗಿಲಲ್ಲೇ ಕೇಳಿದ್ದಳು. ಅವನು ಅದನ್ನು ಅವಳ ಹೊಲಿಗೆ ಕೋಣೆಯ ಗೋಡೆಯಾಚೆಗೇ ಇಟ್ಟ.

* * *

ಹನ್ನೊಂದು ಗಂಟೆಯ ಹೊತ್ತಿಗೆ ರೆಕಾರ್ಡಿಸ್ಟು ಮೊಳೆಯಿಂದ ವೈರುಗಳನ್ನು ಬಿಚ್ಚಿ, ಬಟ್ಟೆ ಮುಚ್ಚಿದ್ದ ಸ್ಪೀಕರಿಗೆ ಸಿಕ್ಕಿಸಿದ್ದ. ಒಂದು ಕೈಯಲ್ಲಿ ಹಾಳೆ, ಇನ್ನೊಂದು ಕೈ ನಾಬುಗಳ ಮೇಲೆ. ಒಂದೊಂದು ಸೊನ್ನೆಯನ್ನೂ ನೋಡಿ ಒಂದೊಂದು ನಾಬನ್ನೂ ಅದರ ಜಾಗಕ್ಕೆ ತಂದು, ಮೆಲ್ಲಗೆ ಬಿಡುತ್ತಿದ್ದ. ಅವನು ಹೇಳಿದಾಗ ಒತ್ತಲೆಂದು ಮಗಳು ಅವನು ತೋರಿಸಿದ ಕೀಲಿಯ ಮುಂದೆ ನಿಂತಿದ್ದಳು. ಮೂವತ್ತೊಂದು ಆಯಿತು. ಅವನ ಕೈ ನಿಂತಿತು.

"ಏನಾಯ್ತು?" ಅಂದಳು ಟೈಲರಮ್ಮ.

"ಇದೊಂದು ಸೊನ್ನೇಲಿ ಗೆರೆ ಇಲ್ಲ. ಎಲ್‌ಎಫ್‌ಓ. ಆ ನಿಧಾನದ ಅಲೆ ಇರುತ್ತಲ್ಲ, ಅದರ ವೇಗ." ಅವನು ಹಾಳೆಯನ್ನು ಕಣ್ಣಿನ ಹತ್ತಿರ ತಂದ. "ಏನೋ ಬರೆದಿದಾನೆ ಪಕ್ಕದಲ್ಲಿ. 'ಅವಳ ಕಾಲು, ಅಂಚು.' ಏನಕ್ಕ ಇದು?"

ಅವಳಿಗೂ ಗೊತ್ತಾಗಲಿಲ್ಲ. ಮಗಳು ಫೈಲು ತೆಗೆದು ಹಳೆಯ ಹಾಳೆಗಳನ್ನು ಮಗುಚತೊಡಗಿದಳು. ಅವಳ ಕೈ ಬರಬರುತ್ತ ನಿಧಾನವಾಯಿತು.

"ಅಮ್ಮ, ಎಲ್ಲದರಲ್ಲೂ ಇದೆ. ಬ್ಯಾಂಕ್ ಟೋಕನ್: ಅವಳ ಕಾಲು, ತೋಳು. ಹಡಗು: ಅವಳ ಕಾಲು, ದಪ್ಪ ಬಟ್ಟೆ. ದೆವ್ವ ಮೂರು: ಅವಳ ಕಾಲು, ಬಿಚ್ಚಿ ಹೊಲಿಯೋದು." ಮಗಳು ತಲೆಯೆತ್ತಿದಳು. "ನಿನ್ನ ಪೆಡಲ್ ಅಮ್ಮ. ನೀನು ತುಳಿಯೋ ವೇಗ."

ರೆಕಾರ್ಡಿಸ್ಟು ನಿಧಾನವಾಗಿ ಸ್ಟೂಲಿನ ಮೇಲೆ ಕೂತ. "ಅದಕ್ಕೇ ಅವನು..." ಅಂದ. "ಈ ಒಂದು ನಾಬನ್ನ ಯಾರಿಗೂ ಮುಟ್ಟೋಕೆ ಬಿಡ್ತಿರ್ಲಿಲ್ಲ. ಸ್ಟುಡಿಯೋದಲ್ಲಿ ಕಣ್ಮುಚ್ಕೊಂಡು, ಹೀಗೆ ಕಾಲು ಅಲ್ಲಾಡಿಸ್ತಾ, ತಿರುಗಿಸೋನು. ಏನು ಲೆಕ್ಕ ಮಾರಾಯ ಅಂದ್ರೆ, ಮನೆ ಲೆಕ್ಕ ಅನ್ನೋನು. ನಾನು ತಮಾಷೆ ಅನ್ಕೊಂಡಿದ್ದೆ."

ಟೈಲರಮ್ಮನಿಗೆ ಒಂದರ ಹಿಂದೊಂದು ನೆನಪಾಗತೊಡಗಿತು. ಮಿಷನ್ನಿಗೆ ಮೋಟಾರು ಹಾಕಿಸಿಕೊಡುತ್ತೇನೆಂದು ಮಗಳು ಅಂದಾಗ, ಯಾವುದಕ್ಕೂ ಅಡ್ಡ ಹೇಳದ ಮನುಷ್ಯ ಅವತ್ತು ಬೇಡ ಅಂದುಬಿಟ್ಟಿದ್ದ. ನನ್ನ ಮೊಣಕಾಲು ಹಾಳಾದರೆ ಇವರಿಗೇನು ಎಂದು ಅವಳು ಎರಡು ದಿನ ಮಾತು ಬಿಟ್ಟಿದ್ದಳು. ಹೆಡ್‌ಫೋನನ್ನೂ ಅವನು ಎಂದೂ ಎರಡು ಕಿವಿಗೂ ಸರಿಯಾಗಿ ಹಾಕಿಕೊಂಡವನಲ್ಲ. ಗೋಡೆಯ ಕಡೆಗಿನ ಕಿವಿ ಯಾವಾಗಲೂ ಹೊರಗಿರುತ್ತಿತ್ತು. ಊಟಕ್ಕೆ ಕರೆದರೆ ಕೇಳಿಸಲಿ ಎಂದಿರಬೇಕು ಎಂದುಕೊಂಡಿದ್ದಳು. ಅಷ್ಟೂ ವರ್ಷ ಆ ಕಿವಿ ಅವಳ ಕಾಲಿನ ಕಡೆಗೇ ಇತ್ತು.

ನಿನ್ನೆಯೂ ಇತ್ತು. ಅವಳು ಬರುತ್ತೇನೆಂದು ಬಾರದೆ ತುಳಿಯುತ್ತಿದ್ದ ಆ ಅಂಚಿನ ವೇಗವನ್ನೇ ಅವನು ಕಾಯುತ್ತ ಕೂತು ಹಿಡಿದಿದ್ದ, ಹಾಳೆಯಲ್ಲಿ ಬರೆದು ಜೇಬಿಗೆ ಹಾಕಿಕೊಂಡಿದ್ದ. ಎಷ್ಟು ಹೊತ್ತು ಕಾದನೋ. ಎಂಟನೆಯ ಪರದೆಯ ಸದ್ದನ್ನೂ ಕೇಳಿದನೋ ಏನೋ.

"ಒಂದೂವರೆ," ಅಂದಳು.

"ಏನಮ್ಮ?"

"ಒಂದು ಅಂಚಲ್ಲ ಕಣೆ. ಒಂದೂವರೆ ಹೊಲಿದೆ ನಾನು, ಅವರು ಕರೆದ್ಮೇಲೆ. ಇನ್ನೊಂದು ಆಗಿಬಿಡ್ಲಿ ಅಂತ ಕೂತೆ."

ಮಗಳು ಫೈಲು ಕೆಳಗಿಟ್ಟು ಅಮ್ಮನ ಭುಜ ಹಿಡಿದುಕೊಂಡಳು.

ಹೊರಗೆ ವಾಹನ ಬಂದು ನಿಂತ ಸದ್ದಾಯಿತು. ಟೈಲರಮ್ಮ ಎದ್ದಳು. ಯಾರ ಕಡೆಗೂ ನೋಡದೆ ಪಕ್ಕದ ಕೋಣೆಗೆ ಹೋಗಿ, ಮಿಷನ್ನಿನ ಮುಂದೆ ಕೂತು, ಪೆಡಲಿನ ಮೇಲೆ ಕಾಲಿಟ್ಟಳು.

"ಅತ್ತಿಗೆ!" ನಾದಿನಿ ಹಿಂದೆಯೇ ಬಂದಳು. "ಅಣ್ಣ ಇನ್ನೂ ಮನೇಲೇ ಇದಾನೆ, ನೀವು ಹೊಲಿಯೋಕೆ ಕೂರೋದಾ? ನೋಡಿದೋರು ಏನಂತಾರೆ?"

"ಏನಾದ್ರೂ ಅನ್ಲಿ."

ಕಾಲೊತ್ತಿದಳು. ಚಕ್ರ ಹಿಂದಕ್ಕೆ ತಿರುಗಿತು. ಕಲಿಯುವ ಹುಡುಗಿಯರಿಗೆ ಆಗುವಂಥ ತಪ್ಪು ಅದು. ಅವಳೇ ಎಷ್ಟೋ ಹುಡುಗಿಯರನ್ನು ಅದಕ್ಕಾಗಿ ಗದರಿಸಿದ್ದಳು. ಕೈಯಿಂದ ಚಕ್ರವನ್ನು ಮುಂದಕ್ಕೆ ಎಳೆದು ಮತ್ತೆ ತುಳಿದಳು. ನಾಲ್ಕು ಸುತ್ತು ಹೋಗಿ ಮುಗ್ಗರಿಸಿತು. ಗೋಡೆಯಾಚೆ ರೆಕಾರ್ಡಿಸ್ಟು ಕೂಗಿದ: "ಒಂದೇ ಸಮ ಬರ್ತಿಲ್ಲ ಅಕ್ಕ. ಹಿಡಿಯೋಕೆ ಆಗ್ತಿಲ್ಲ."

ಕಾಲಿಗೆ ವೇಗ ಮರೆತುಹೋಗಿತ್ತು. ನಿನ್ನೆ ತುಳಿದವಳ ಗಂಡ ಗೋಡೆಯಾಚೆ ಕೂತಿದ್ದ. ಇವತ್ತು ಆ ಹೆಂಗಸು ಎಲ್ಲಿಂದ ಬರಬೇಕು? ಬರಿಯ ಸೂಜಿ ಏನನ್ನೂ ಹೊಲಿಯದೆ ಏರಿಳಿದು ನಿಂತಿತು.

ನಾದಿನಿ ನೋಡುತ್ತಿದ್ದಳು. ಆಮೇಲೆ ಹೋಗಿ ಹೊಲಿಗೆ ಕೋಣೆಯ ಬೀದಿ ಕಡೆಗಿನ ಬಾಗಿಲು ಮುಂದೆ ಮಾಡಿಬಂದಳು. ಮೂಲೆಯಲ್ಲಿ ತಾನೇ ಬೆಳಿಗ್ಗೆ ಮಡಚಿಟ್ಟಿದ್ದ ಬಟ್ಟೆಯ ರಾಶಿಯಿಂದ ಅರ್ಧ ಹೊಲಿದ ಪರದೆಯನ್ನು ಹುಡುಕಿ ತೆಗೆದು, ಸೂಜಿಯಡಿ ತಳ್ಳಿ, ನೆಲದ ಮೇಲೆ ಕೂತು, ಜೋಲುತ್ತಿದ್ದ ಬಟ್ಟೆಯ ಭಾರವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

"ಬರೀ ಮಿಷನ್ ತುಳಿದ್ರೆ ಹೇಗೆ ಬರುತ್ತೆ? ಹೊಲೀರಿ," ಅಂದಳು.

ಬಟ್ಟೆ ಕೈಗೆ ಸಿಕ್ಕಿತು. ಬೆರಳುಗಳು ತಾವಾಗಿಯೇ ಅಂಚನ್ನು ಎರಡು ಮಡಿಕೆ ಮಾಡಿ ಸೂಜಿಗೆ ಕೊಟ್ಟವು. ಬೆರಳಿನ ಹಿಂದೆ ಕಾಲೂ ಹೊರಟಿತು. ಮೊದಲು ತಡವರಿಸಿ, ಆಮೇಲೆ ಒಂದೇ ಸಮನೆ, ಟಕ ಟಕ ಟಕ ಟಕ, ಉದ್ದ ಅಂಚಿಗೆ ಅವಳು ಯಾವಾಗಲೂ ಹೋಗುತ್ತಿದ್ದ ಅದೇ ನಡೆಯಲ್ಲಿ ಹೋಯಿತು.

ಗೋಡೆಯಾಚೆ ಮಗಳು ಕೀಲಿ ಒತ್ತಿದಳು. ಸದ್ದು ಕೇಳಿಸಿತು.

ಅದು ಹಾಡಲ್ಲ. ಯಾವ ಹಾಡಿನ ತುಣುಕೂ ಅಲ್ಲ. ತಗ್ಗಿನ ಒಂದೇ ಒಂದು ಸ್ವರ. ಕಂಬಳಿಯೊಳಗಿಂದ ಬಂದಂತೆ ಮಂಕಾಗಿ ಶುರುವಾಗಿ, ಒಂದಿಷ್ಟು ಬಿಚ್ಚಿಕೊಂಡು, ಮತ್ತೆ ಮಂಕಾಗುತ್ತಿತ್ತು. ಬಿಚ್ಚಿಕೊಳ್ಳುವುದೂ ಮಂಕಾಗುವುದೂ ಅವಳ ಕಾಲಿನ ಜೊತೆ ಜೊತೆಗೇ ನಡೆಯುತ್ತಿದ್ದವು. ಆಚೆ ಯಾರೋ ಇದ್ದಾರೆ, ತಮ್ಮ ಪಾಡಿಗೆ ಏನೋ ಕೆಲಸ ಮಾಡಿಕೊಂಡಿದ್ದಾರೆ, ಕರೆದರೆ ಬರುತ್ತಾರೆ ಎಂದು ಮನಸ್ಸಿಗೆ ಗೊತ್ತಿರುವಾಗ ಮನೆ ಹೇಗಿರುತ್ತದೋ ಹಾಗಿತ್ತು ಅದು.

"ಇದೇನಾ ಅಕ್ಕ?" ರೆಕಾರ್ಡಿಸ್ಟನ ದನಿ ಒಡೆದಿತ್ತು.

ಅವಳು ತುಳಿಯುತ್ತಲೇ ಇದ್ದಳು. ಕಣ್ಣೀರು ಪರದೆಯ ಮೇಲೆ ಬೀಳುತ್ತಿತ್ತು. ಬಿದ್ದಲ್ಲೆಲ್ಲ ಸೂಜಿ ಹಾದುಹೋಗುತ್ತಿತ್ತು. ಅಷ್ಟು ವರ್ಷ ಒಬ್ಬಳೇ ಕೂತು ಹೊಲಿದೆ ಎಂದುಕೊಂಡಿದ್ದಳಲ್ಲ, ಆ ಹೆಂಗಸಿನ ಮೇಲೆ ಅವಳಿಗೆ ತಡೆಯಲಾರದ ಮರುಕ ಬಂತು, ಸಿಟ್ಟೂ ಬಂತು.

ನಡುಮನೆಯವರು ಏಳತೊಡಗಿದ್ದರು. ಔಷಧಿ ಅಂಗಡಿಯವರು ಇಣುಕಿ, "ಅಮ್ಮಾ, ಹೊತ್ತಾಯ್ತು. ಎತ್ತೋಣ್ವಾ?" ಎಂದು ಕೇಳಿದರು.

"ಎತ್ತಿ," ಅಂದಳು ನಾದಿನಿ ನೆಲದ ಮೇಲಿಂದಲೇ. "ಅತ್ತಿಗೆ ಬರ್ತಾರೆ. ಈ ಅಂಚು ಮುಗಿಸಿ ಬರ್ತಾರೆ."

ಅಂಚು ಮೊಳದಷ್ಟು ಉಳಿದಿತ್ತು. ಆಮೇಲೆ ಗೇಣು. ಮುಗಿದರೆ ಏಳಬೇಕು. ಟೈಲರಮ್ಮನ ಕಾಲು ನಿಧಾನವಾಯಿತು. ಗೋಡೆಯಾಚೆ ರೆಕಾರ್ಡಿಸ್ಟು ಕಣ್ಣು ಮುಚ್ಚಿ, ಅವಳ ಕಾಲನ್ನು ಕೇಳುತ್ತ, ನಾಬನ್ನು ಕೂದಲೆಳೆಯಷ್ಟೇ ಎಡಕ್ಕೆ ತಿರುಗಿಸಿದ. ಸದ್ದು ಬಿಚ್ಚಿಕೊಳ್ಳುವುದಕ್ಕೆ ಹೆಚ್ಚು ಹೊತ್ತು ತೆಗೆದುಕೊಂಡಿತು. ಅವಳು ಇನ್ನೂ ನಿಧಾನ ಮಾಡಿದಳು. ಅವನೂ ಮಾಡಿದ. ಒಂದೊಂದೇ ಹೊಲಿಗೆ ಬೀಳತೊಡಗಿತು. ಒಂದು ಹೊಲಿಗೆ, ಒಂದು ಉಸಿರು, ಇನ್ನೊಂದು ಹೊಲಿಗೆ. ಬಟ್ಟೆ ಸೂಜಿಯಿಂದ ಜಾರಿ ನಾದಿನಿಯ ಮಡಿಲಿಗೆ ಬಿತ್ತು.

ನಾಬು ಎಡದ ಕೊನೆ ಮುಟ್ಟಿತು, ಅಲೆಗೆ ಅದಕ್ಕಿಂತ ನಿಧಾನ ಇರಲಿಲ್ಲ.

ಬಿಳಿ ಹೊದಿಕೆಯವನನ್ನು ಹೆಗಲ ಮೇಲೆ ಹೊತ್ತು ಬಾಗಿಲು ದಾಟುತ್ತಿದ್ದ ನಾಲ್ವರೂ ನಿಂತರು. ಏನೆಂದು ಅವರಿಗೆ ತಿಳಿಯದು. ಒಳಗಿನ ಕೋಣೆಯಿಂದ ಒಂದು ಸದ್ದು ಏಳುತ್ತಿತ್ತು, ಬಹಳ ನಿಧಾನವಾಗಿ, ಇನ್ನೂ ಏಳುತ್ತಲೇ ಇತ್ತು. ಒಂದು ಕಾಲು ಹೊಸ್ತಿಲಾಚೆ, ಒಂದು ಕಾಲು ಈಚೆ ಇಟ್ಟುಕೊಂಡು, ಹೆಗಲ ಭಾರ ಬದಲಿಸದೆ, ಅದು ಇಳಿಯಲೆಂದು ಅವರು ಕಾದರು.